ಬಿಎಎಂಎಸ್ ಮುಗೀತಿದೆ, ಹೊರದೇಶದಲ್ಲಿ ಪಬ್ಲಿಕ್ ಹೆಲ್ತ್ ಓದುವ ಆಸೆ. ದಾರಿ ಗೊತ್ತಿರುವವರು ಹೇಳಿ

ಕಬ್ಬಿನಗದ್ದೆ (ಪಾಂಡವಪುರ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಬಿಎಎಂಎಸ್ (ಆಯುರ್ವೇದ ಡಾಕ್ಟರ್ ಡಿಗ್ರಿ) ಓದಿದ್ದೇನೆ. ನಾಲ್ಕೂವರೆ ವರ್ಷದ ಓದು ಮುಗಿದು ಈಗ ಇಂಟರ್ನ್‌ಶಿಪ್ ನಡೀತಿದೆ, ಇನ್ನು ಮೂರು ತಿಂಗಳು ಬಾಕಿ. ಅಪ್ಪನಿಗೆ ಎರಡೂವರೆ ಎಕರೆ ನಾಲೆ ನೀರಿನ ಗದ್ದೆ, ಕಬ್ಬು ಹಾಕಿದ್ದಾರೆ. ಅವ್ವ ಎರಡು ಸೀಮೆಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕ್ತಾರೆ. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೇ ಮೊದಲು.

ಇಂಟರ್ನ್‌ಶಿಪ್‌ನಲ್ಲಿ ಪಿಎಚ್‌ಸಿಗೆ ಹಾಕಿದ್ದರು. ಅಲ್ಲಿ ಒಂದು ದಿನ ಒಂದೇ ಊರಿನ ಒಂದೇ ಬೀದಿಯಿಂದ ಏಳು ಜನ ಶುಗರ್ ಮಾತ್ರೆಗೆ ಬಂದು ಸಾಲಾಗಿ ಬೆಂಚ್ ಮೇಲೆ ಕೂತಿದ್ದರು. ಅದರಲ್ಲಿ ಒಬ್ಬರಿಗೆ ಕಾಲ್ಬೆರಳು ಕಪ್ಪಾಗಿತ್ತು, ಬಟ್ಟೆ ಸುತ್ತಿಕೊಂಡು ಬಂದಿದ್ದರು. ಒಬ್ಬೊಬ್ಬರಿಗೂ ಮಾತ್ರೆ ಕೊಟ್ಟು ಕಳಿಸಿದೆವು. ಆದರೆ ಇಡೀ ಬೀದಿಗೆ ಯಾಕೆ ಹೀಗಾಯ್ತು ಅನ್ನೋದು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಅವತ್ತಿನಿಂದ ಎಂಪಿಎಚ್ (ಪಬ್ಲಿಕ್ ಹೆಲ್ತ್‌ನಲ್ಲಿ ಮಾಸ್ಟರ್ಸ್) ಮಾಡಬೇಕು, ಆದರೆ ಹೊರಗೆ ಹೋಗಿ ಮಾಡಬೇಕು ಅಂತ ಆಸೆ.

ಬಿಎಎಂಎಸ್ ಅನ್ನು ಅಲ್ಲಿ ಡಿಗ್ರಿ ಅಂತ ಲೆಕ್ಕಕ್ಕೆ ತಗೋತಾರಾ? ಜರ್ಮನಿಯಲ್ಲಿ ಫೀಸೇ ಇಲ್ಲ ಅಂತಾರೆ, ನಿಜಾನಾ? ನಮ್ಮ ಸೀನಿಯರ್ ಒಬ್ಬರು ಅರ್ಜಿಯಲ್ಲಿ ಆಯುರ್ವೇದ ಅನ್ನೋ ಪದವನ್ನೇ ಜಾಸ್ತಿ ಬರೀಬೇಡ, ಹೆಲ್ತ್ ಸೈನ್ಸ್ ಅಂತ ಮಾತ್ರ ಹಾಕು ಅಂದರು. ಇದು ಸರೀನಾ? ಮೈಸೂರಿನ ಒಂದು ಕನ್ಸಲ್ಟೆನ್ಸಿಯಲ್ಲಿ ಎಲ್ಲಾ ಸೇರಿ ಒಂದು ಲಕ್ಷ ಕೇಳ್ತಿದ್ದಾರೆ. ಮನೆಯಲ್ಲಿ ಒಂದು ಕಡೆ ಹುಡುಗನ್ನ ನೋಡೋ ಮಾತೂ ಶುರುವಾಗಿದೆ. ಅಪ್ಪ ಮಾತ್ರ "ಓದ್ತೀನಿ ಅಂದ್ರೆ ಗದ್ದೆ ಮೇಲೆ ಸಾಲ ತೆಗೀತೀನಿ ಕಣವ್ವ" ಅಂದಿದ್ದಾರೆ. ಆ ಮಾತು ಕೇಳಿದ ಮೇಲೆ ತಪ್ಪು ಹೆಜ್ಜೆ ಇಡೋಕೆ ಭಯ ಆಗ್ತಿದೆ. ಗೊತ್ತಿರುವ ಅಕ್ಕ ಅಣ್ಣಂದಿರು ಬಿಡಿಸಿ ಹೇಳಿ.


ಎಲ್ಬೆ ದಂಡೆ (ಊರು ನಾಗಮಂಗಲ, ಈಗ ಜರ್ಮನಿ)

ತಂಗಿ, ನಾನೂ ಬಿಎಎಂಎಸ್ಸೇ. ಇಲ್ಲಿ ಎಪಿಡೆಮಿಯಾಲಜಿಯಲ್ಲಿ, ಅಂದರೆ ಜನರಲ್ಲಿ ಕಾಯಿಲೆ ಹೇಗೆ ಯಾಕೆ ಹರಡುತ್ತೆ ಅನ್ನೋ ವಿಷಯದಲ್ಲಿ, ಎಂಎಸ್ಸಿ ಮುಗಿಸಿ ಈಗ ಕೆಲಸದಲ್ಲಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಕೂತು ಓದು.

ಎಲ್ಲಕ್ಕಿಂತ ಮೊದಲು ನಿನ್ನನ್ನು ನೀನೇ ಒಂದು ಮಾತು ಕೇಳಿಕೋ. ರೋಗಿಯ ನಾಡಿ ಹಿಡಿಯೋದನ್ನು ಬಿಟ್ಟು ಬದುಕೋಕೆ ಆಗುತ್ತಾ? ಯಾಕಂದ್ರೆ ಜರ್ಮನಿ, ಬ್ರಿಟನ್, ಅಮೆರಿಕ ಯಾವ ದೇಶದಲ್ಲೂ ಬಿಎಎಂಎಸ್ ಇಟ್ಟುಕೊಂಡು ಡಾಕ್ಟರ್ ಆಗಿ ಕೆಲಸ ಮಾಡೋಕೆ ಬರಲ್ಲ. ಅಮೆರಿಕದ ಯುಎಸ್‌ಎಂಎಲ್‌ಇ, ಬ್ರಿಟನ್ನಿನ ಪ್ಲ್ಯಾಬ್ ಅನ್ನೋ ಡಾಕ್ಟರ್ ಲೈಸೆನ್ಸ್ ಪರೀಕ್ಷೆ ಎರಡೂ ಎಂಬಿಬಿಎಸ್ ಥರದ ಡಿಗ್ರಿ ಇರುವವರಿಗೆ. ಇಲ್ಲಿ ಜರ್ಮನಿಯಲ್ಲಿ ಹೈಲ್‌ಪ್ರಾಕ್ಟಿಕರ್ ಅಂತ ಒಂದು ಲೈಸೆನ್ಸ್ ಇದೆ, 1939ರ ಕಾನೂನು. 25 ವರ್ಷ ತುಂಬಿರಬೇಕು, ಆರೋಗ್ಯ ಇಲಾಖೆ ನಡೆಸುವ ಪರೀಕ್ಷೆಯನ್ನು ಜರ್ಮನ್ ಭಾಷೆಯಲ್ಲೇ ಬರೆದು ಪಾಸಾಗಬೇಕು. ಇಲ್ಲಿ ಆಯುರ್ವೇದ ಚಿಕಿತ್ಸೆ ಕೊಡುವ ಎಷ್ಟೋ ಜನ ಆ ದಾರಿಯಲ್ಲಿ ಬಂದವರು. ಆದರೆ ಅದನ್ನೇ ನಂಬಿ ವಿಮಾನ ಹತ್ತಬೇಡ. ಚಿಕಿತ್ಸೆ ಕೊಡಲೇಬೇಕು ಅಂತಿದ್ದರೆ ಊರಲ್ಲೇ ಇರು, ಅದರಲ್ಲಿ ಕಮ್ಮಿ ಏನೂ ಇಲ್ಲ. ಆದರೆ ನೀನು ಬರೆದ ಆ ಬೆಂಚಿನ ಮಾತು ಓದಿದರೆ ನಿನ್ನ ಮನಸ್ಸು ಯಾವ ಕಡೆ ಇದೆ ಅಂತ ನನಗಂತೂ ಗೊತ್ತಾಗುತ್ತೆ.

ಡಿಗ್ರಿ ಲೆಕ್ಕಕ್ಕೆ ಬರುತ್ತೆ. ಮಾಸ್ಟರ್ಸ್‌ಗೆ ಬೇಕಾದ ಬ್ಯಾಚುಲರ್ಸ್ ಅಂತಾನೇ ನನ್ನದನ್ನು ತಗೊಂಡರು. ಆದರೆ ಒಂದೊಂದು ಯೂನಿವರ್ಸಿಟಿ ಒಂದೊಂದು ಥರ ನೋಡುತ್ತೆ. ಸ್ಟ್ಯಾಟಿಸ್ಟಿಕ್ಸ್ ಎಷ್ಟು ಓದಿದ್ದೀಯ, ರಿಸರ್ಚ್ ಮೆಥಡಾಲಜಿ ಇತ್ತಾ ಅಂತ ಕೆದಕ್ತಾರೆ. ಅದಕ್ಕೇ ಸಿಲಬಸ್ ಪ್ರತಿ ಈಗಲೇ ತೆಗೆದಿಟ್ಟುಕೋ.

ಫೀಸ್ ವಿಷಯ. ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ, ಸೆಮಿಸ್ಟರ್‌ಗೆ ಒಂದು ಸಣ್ಣ ಮೊತ್ತ ಕಟ್ಟಿದರೆ ಆಯ್ತು. ಬಾಡೆನ್ ವುರ್ಟೆಂಬರ್ಗ್ ಅನ್ನೋ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1500 ಯೂರೋ ಇದೆ. ಆದರೆ ಇನ್ನೊಂದು ಮೋಸ ಹೋಗುವ ಜಾಗ ಇದೆ, ಅದನ್ನು ಯಾರೂ ಹೇಳಲ್ಲ. ಪಬ್ಲಿಕ್ ಹೆಲ್ತ್, ಇಂಟರ್‌ನ್ಯಾಷನಲ್ ಹೆಲ್ತ್ ಕೋರ್ಸುಗಳಲ್ಲಿ ಹಲವು "ವೈಟರ್‌ಬಿಲ್ಡುಂಗ್" ಅನ್ನೋ ಗುಂಪಿಗೆ ಸೇರಿರುತ್ತವೆ, ಅಂದರೆ ಕೆಲಸದಲ್ಲಿರುವವರು ಮತ್ತೆ ಬಂದು ಓದುವ ಕೋರ್ಸು. ಅವಕ್ಕೆ ಸರ್ಕಾರಿ ಯೂನಿವರ್ಸಿಟಿಯಲ್ಲೂ ಸಾವಿರಾರು ಯೂರೋ ಫೀಸ್ ಇರುತ್ತೆ. ಅರ್ಜಿ ಹಾಕುವ ಮುಂಚೆ ಆ ಪದ ಇದೆಯಾ ಅಂತ ಹುಡುಕು.

ಫೀಸ್ ಇಲ್ಲ ಅಂದ ಮಾತ್ರಕ್ಕೆ ದುಡ್ಡೇ ಬೇಡ ಅಂತಲ್ಲ. ವೀಸಾಗೆ ಬ್ಲಾಕ್ಡ್ ಅಕೌಂಟ್ ತೆರೀಬೇಕು. 2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 11,904 ಯೂರೋ ಮಾಡಿದ್ದಾರೆ, ನಮ್ಮ ದುಡ್ಡಲ್ಲಿ ಹತ್ತಿರ ಹತ್ತಿರ ಹನ್ನೆರಡು ಲಕ್ಷ. ಅದು ನಿನ್ನದೇ ದುಡ್ಡು, ಇಲ್ಲಿಗೆ ಬಂದ ಮೇಲೆ ತಿಂಗಳಿಗೆ 992 ಯೂರೋದಂತೆ ನಿನ್ನ ಕೈಗೇ ಬರುತ್ತೆ. ಅದಕ್ಕೂ ಮುಂಚೆ ಎಪಿಎಸ್ ಸರ್ಟಿಫಿಕೇಟ್ ಬೇಕು, ಅಂದರೆ ನಮ್ಮ ಓದಿನ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಪತ್ರ. 2022ರ ನವೆಂಬರ್‌ನಿಂದ ಭಾರತದವರಿಗೆ ಕಡ್ಡಾಯ. ಅದಕ್ಕೆ 18 ಸಾವಿರ ರೂಪಾಯಿ ಕಟ್ಟಿ ಕಾಯಬೇಕು, ವಾರಗಟ್ಟಲೆ ಹಿಡಿಯುತ್ತೆ. ಓದುವಾಗ ವರ್ಷಕ್ಕೆ 140 ಪೂರ್ತಿ ದಿನ ಕೆಲಸ ಮಾಡಬಹುದು, ಓದು ಮುಗಿದ ಮೇಲೆ ಕೆಲಸ ಹುಡುಕೋಕೆ 18 ತಿಂಗಳು ಕೊಡ್ತಾರೆ.

ಈಗ ನನ್ನ ಕಥೆ. ನಾನು ಬಿಎಎಂಎಸ್ ಮುಗಿದ ತಕ್ಷಣ ಬರಲಿಲ್ಲ. ಮೂರು ವರ್ಷ ಆರ್‌ಬಿಎಸ್‌ಕೆ ತಂಡದಲ್ಲಿ ಕೆಲಸ ಮಾಡಿದೆ. 2013ರಲ್ಲಿ ಶುರುವಾದ, ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮ ಅದು. ಒಂದೊಂದು ತಂಡಕ್ಕೆ ಇಬ್ಬರು ಆಯುಷ್ ಡಾಕ್ಟರು, ಒಬ್ಬರು ಗಂಡು ಒಬ್ಬರು ಹೆಣ್ಣು. ಜೀಪಲ್ಲಿ ಹೋಗಿ ವರ್ಷಕ್ಕೆ ಎರಡು ಸಲ ಅಂಗನವಾಡಿ, ಒಂದು ಸಲ ಶಾಲೆ ಮಕ್ಕಳನ್ನು ನೋಡಬೇಕು. ಒಂದು ಅಂಗನವಾಡಿಯಲ್ಲಿ ಮೂರು ವರ್ಷದ ಮಗು, ಗೋಡೆಗೆ ಒರಗಿಕೊಂಡು ಬೆಲ್ಲದ ಚೂರು ಚೀಪ್ತಿತ್ತು. ಟೀಚರಮ್ಮ ಹಿಂದಿನಿಂದ ಸ್ಟೀಲ್ ತಟ್ಟೆಗೆ ಸೌಟಿಂದ ಹೊಡೆದರು. ಮಿಕ್ಕ ಮಕ್ಕಳೆಲ್ಲ ಬೆಚ್ಚಿ ತಿರುಗಿದವು. ಅದೊಂದು ಮಾತ್ರ ತಿರುಗಲಿಲ್ಲ, ಬೆಲ್ಲ ಚೀಪ್ತಾನೇ ಇತ್ತು. ಅವರಜ್ಜಿ "ಮಾತು ತಡ ಅಷ್ಟೇಯಾ, ಅವರಪ್ಪನೂ ಹಂಗೇ ಇದ್ದ" ಅಂದರು. ಮೈಸೂರಿನ ಆಯಿಷ್‌ಗೆ, ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಬರೆದುಕೊಟ್ಟೆವು. ಆರು ತಿಂಗಳಾದ ಮೇಲೆ ಮತ್ತೆ ಹೋದರೆ ಮಗು ಅದೇ ಗೋಡೆ ಹತ್ತಿರ. ಯಾರೂ ಕರೆದುಕೊಂಡು ಹೋಗಿರಲಿಲ್ಲ. ಬಸ್ ಚಾರ್ಜು, ಒಂದು ದಿನದ ಕೂಲಿ, ಮೈಸೂರಲ್ಲಿ ಯಾವ ಗೇಟಲ್ಲಿ ಒಳಗೆ ಹೋಗಬೇಕು ಅನ್ನೋ ಅಳುಕು. ಆಮೇಲೆ ನಾನೇ ಒಂದು ನೋಟ್‌ಬುಕ್ ಇಟ್ಟುಕೊಂಡು, ನಾವು ಬರೆದುಕೊಟ್ಟವರಲ್ಲಿ ಯಾರು ತಲುಪಿದರು, ಯಾರು ತಲುಪಲಿಲ್ಲ, ಯಾಕೆ ಅಂತ ಬರೆಯೋಕೆ ಶುರು ಮಾಡಿದೆ. ಆ ಮಗುವನ್ನು ಕಡೆಗೆ ನಾವೇ ಜೀಪಲ್ಲಿ ಕರೆದುಕೊಂಡು ಹೋದೆವು.

ನನಗೆ ಸೀಟು ತಂದುಕೊಟ್ಟಿದ್ದು ಆ ನೋಟ್‌ಬುಕ್ಕು. ಅರ್ಜಿಯ ಜೊತೆ ಕೊಡುವ ಬರಹದಲ್ಲಿ ನಾನು ಅದನ್ನೇ ಬರೆದೆ. ಇಂಟರ್‌ವ್ಯೂನಲ್ಲಿ ಇಪ್ಪತ್ತು ನಿಮಿಷ ಅದರ ಮೇಲೆಯೇ ಕೇಳಿದರು.

ಅದಕ್ಕೇ ನನ್ನ ಮಾತು, ಎರಡು ವರ್ಷ ಕೆಲಸ ಮಾಡಿ ಬಾ. ಇದು ಸುಮ್ನೆ ಹೇಳ್ತಿರೋದಲ್ಲ. ಜರ್ಮನಿಯ ಡಿಎಎಡಿ ಸಂಸ್ಥೆಯ ಇಪೋಸ್ ಸ್ಕಾಲರ್‌ಶಿಪ್‌ಗೆ ಎರಡು ವರ್ಷದ ಅನುಭವ ಕೇಳ್ತಾರೆ, ಡಿಗ್ರಿ ಆರು ವರ್ಷಕ್ಕಿಂತ ಹಳೇದಾಗಿರಬಾರದು. ಬ್ರಿಟನ್ನಿನ ಚೀವ್ನಿಂಗ್‌ಗೂ ಎರಡು ವರ್ಷ, ಗಂಟೆ ಲೆಕ್ಕದಲ್ಲಿ 2,800. ಚೀವ್ನಿಂಗ್‌ನಲ್ಲಿ ಹೋದವರು ಓದು ಮುಗಿಸಿ ಎರಡು ವರ್ಷ ಊರಿಗೆ ವಾಪಸ್ ಬಂದಿರಬೇಕು, ನಿನ್ನಂಥವಳಿಗೆ ಅದು ಒಳ್ಳೇದೇ ಅಲ್ವಾ. ಇವೆರಡರಲ್ಲಿ ಒಂದು ಸಿಕ್ಕರೂ ನಿಮ್ಮಪ್ಪ ಗದ್ದೆ ಪತ್ರ ಮುಟ್ಟಬೇಕಿಲ್ಲ.


ಮದ್ದೂರು ಸ್ಟೇಷನ್

ಕನ್ಸಲ್ಟೆನ್ಸಿ ಬಗ್ಗೆ ನಾನು ಹೇಳ್ತೀನಿ, ಯಾಕಂದ್ರೆ ಸುಟ್ಟುಕೊಂಡವನು ನಾನು. ಒಂದು ಕನ್ಸಲ್ಟೆನ್ಸಿಗೆ 60 ಸಾವಿರ ಕೊಟ್ಟೆ. ಬಿಎಎಂಎಸ್ ಆಗಿದೆ, ಬ್ರಿಟನ್‌ನಲ್ಲಿ ಎಂಪಿಎಚ್ ಬೇಕು ಅಂತ ಮೊದಲ ದಿನವೇ ಹೇಳಿದ್ದೆ. ಅವರು ತಮಗೆ ಕಮಿಷನ್ ಕೊಡುವ ಕಾಲೇಜುಗಳಿಗೆ ಮಾತ್ರ ಅರ್ಜಿ ಹಾಕಿದರು, ಅದು ನನಗೆ ಆಮೇಲೆ ಗೊತ್ತಾಯ್ತು. ಸಿಕ್ಕಿದ್ದು ಹೆಲ್ತ್‌ಕೇರ್ ಮ್ಯಾನೇಜ್‌ಮೆಂಟ್. ಹೆಸರು ಚೆನ್ನಾಗಿದೆ, ಒಳಗೆಲ್ಲ ಬಿಸಿನೆಸ್ ಪಾಠ. ಕೂತು ಅಸೈನ್‌ಮೆಂಟ್ ಬರೆಯುವಾಗ ನನ್ನ ಐದೂವರೆ ವರ್ಷದ ಓದಿಗೂ ಇದಕ್ಕೂ ಏನು ಸಂಬಂಧ ಅಂತ ಹೊಟ್ಟೆ ಉರೀತಿತ್ತು. ಅವರು ಬರೆದುಕೊಟ್ಟ ಎಸ್‌ಒಪಿ (ಯಾಕೆ ಓದ್ತೀನಿ ಅಂತ ಅರ್ಜಿ ಜೊತೆ ಕೊಡುವ ಬರಹ) ನನ್ನ ಫ್ಲಾಟಿನಲ್ಲಿದ್ದ ಇನ್ನೊಬ್ಬ ಹುಡುಗನ ಎಸ್‌ಒಪಿ ಜೊತೆ ಸಾಲು ಸಾಲು ಹೊಂದ್ತಿತ್ತು.

ತಂಗಿ, ಆ ಒಂದು ಲಕ್ಷ ಕೊಡಬೇಡ. ಅರ್ಜಿ ಹಾಕೋದು ರೈಲ್ವೆ ಟಿಕೆಟ್ ಬುಕ್ ಮಾಡಿದ ಹಾಗೆ, ಸ್ವಲ್ಪ ತಾಳ್ಮೆ ಬೇಕು ಅಷ್ಟೇ. ಆ ದುಡ್ಡಲ್ಲಿ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆ ಫೀಸು, ಎಪಿಎಸ್, ಕೊರಿಯರ್ ಎಲ್ಲಾ ಆಗಿ ಇನ್ನೂ ಮಿಗುತ್ತೆ.

ಬ್ರಿಟನ್ ಬಗ್ಗೆಯೂ ಎರಡು ಮಾತು. ಮಾಸ್ಟರ್ಸ್ ಒಂದೇ ವರ್ಷ, ಅದು ಅನುಕೂಲ. ಆದರೆ ಎಂಪಿಎಚ್ ಫೀಸು ಒಳ್ಳೆ ಕಡೆ 20 ಸಾವಿರ ಪೌಂಡ್ ಮೇಲೆಯೇ. ವೀಸಾ ಜೊತೆ ಆರೋಗ್ಯದ ಸರ್‌ಚಾರ್ಜ್ ವರ್ಷಕ್ಕೆ 776 ಪೌಂಡ್ ಬೇರೆ. ಓದಿದ ಮೇಲೆ ಇರೋಕೆ ಕೊಡ್ತಿದ್ದ ಎರಡು ವರ್ಷವನ್ನು 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ 18 ತಿಂಗಳಿಗೆ ಇಳಿಸ್ತಿದ್ದಾರೆ. ಸಾಲ ಮಾಡಿ ಬಂದವರಿಗೆ ಆ ಆರು ತಿಂಗಳು ದೊಡ್ಡದು.


ಸ್ವಸ್ಥವೃತ್ತ ಮೇಷ್ಟ್ರು (ಮೈಸೂರು)

ಮಗಳೇ, ನಾನು ಸ್ವಸ್ಥವೃತ್ತ ಪಾಠ ಮಾಡಿ ನಿವೃತ್ತನಾದವನು. ಆಯುರ್ವೇದ ಅನ್ನೋ ಪದ ಬರೀಬೇಡ ಅಂತ ಹೇಳಿದವರ ಮಾತನ್ನು ದಯವಿಟ್ಟು ಕೇಳಬೇಡ. ಮಾರ್ಕ್ಸ್ ಕಾರ್ಡ್ ಮೇಲೆ ದಪ್ಪಗೆ ಬರೆದಿರುತ್ತೆ, ಎಲ್ಲಿ ಅಂತ ಮುಚ್ಚಿಡ್ತೀಯ? ಮುಚ್ಚಿಟ್ಟವರನ್ನು ಓದುವವರು ನಂಬಲ್ಲ. ಅದಕ್ಕಿಂತ ದೊಡ್ಡ ತಪ್ಪು ಅಂದರೆ ನಿನ್ನ ಹತ್ತಿರ ಇರುವ ಬಂಡವಾಳವನ್ನು ನೀನೇ ಬಚ್ಚಿಡೋದು.

ಸ್ವಸ್ಥವೃತ್ತದಲ್ಲಿ ನೀನು ಏನು ಓದಿದ್ದೀಯ ಅಂತ ಒಂದು ಸಲ ನೆನಪು ಮಾಡಿಕೋ. ಕುಡಿಯುವ ನೀರು, ಕೊಳಚೆ, ಸಾಂಕ್ರಾಮಿಕ ರೋಗ, ಲಸಿಕೆ, ರಾಷ್ಟ್ರೀಯ ಆರೋಗ್ಯ ಕಾರ್ಯಕ್ರಮಗಳು, ಜನನ ಮರಣದ ಲೆಕ್ಕ. ಎಂಬಿಬಿಎಸ್‌ನವರು ಕಮ್ಯುನಿಟಿ ಮೆಡಿಸಿನ್ ಅಂತ ಓದ್ತಾರಲ್ಲ, ಅದರ ಬಹುಪಾಲು ಇಲ್ಲಿದೆ. ಆದರೆ ಹೊರದೇಶದ ಯೂನಿವರ್ಸಿಟಿಯವರಿಗೆ "ಸ್ವಸ್ಥವೃತ್ತ" ಅನ್ನೋ ಪದ ಕಂಡರೆ ಏನೂ ತಿಳಿಯಲ್ಲ. ಮೂರು ಪುಟದ ಒಂದು ಟಿಪ್ಪಣಿ ಮಾಡಿ ಯಾವ ವಿಷಯದಲ್ಲಿ ಏನೇನು ಪಾಠ, ಎಷ್ಟು ಗಂಟೆ ಅಂತ ಅವರ ಭಾಷೆಯಲ್ಲಿ ಬರೆದು ಪ್ರಿನ್ಸಿಪಾಲರ ಸಹಿ ಹಾಕಿಸಿ ಅರ್ಜಿ ಜೊತೆ ಇಡು. ನನ್ನ ವಿದ್ಯಾರ್ಥಿಗಳಿಗೆ ನಾನು ಇದನ್ನೇ ಮಾಡಿಸ್ತಿದ್ದೆ. ಅಗದತಂತ್ರ ಅಂದರೆ ವಿಷಶಾಸ್ತ್ರ ಅಂತ, ದ್ರವ್ಯಗುಣ ಅಂದರೆ ಔಷಧಿ ಗಿಡಗಳ ಗುಣ ಕೆಲಸ ಅಂತ ಬಿಡಿಸಿ ಬರೆದರೆ ಅವರಿಗೂ ಅರ್ಥವಾಗುತ್ತೆ.

ಇನ್ನೊಂದು. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಮೂರನೇ ಅಧ್ಯಾಯ ಜನಪದೋಧ್ವಂಸ. ಒಬ್ಬೊಬ್ಬರ ಪ್ರಕೃತಿ ಬೇರೆ, ಊಟ ಬೇರೆ, ವಯಸ್ಸು ಬೇರೆ, ಹಾಗಿದ್ದರೂ ಒಂದೇ ಕಾಲಕ್ಕೆ ಇಡೀ ಊರಿಗೆ ಒಂದೇ ಕಾಯಿಲೆ ಹೇಗೆ ಬರುತ್ತೆ ಅಂತ ಅಗ್ನಿವೇಶ ಕೇಳ್ತಾನೆ. ಗುರು ಹೇಳುವ ಉತ್ತರ, ಎಲ್ಲರಿಗೂ ಸೇರಿದ್ದು ನಾಲ್ಕು ಇವೆ, ಗಾಳಿ, ನೀರು, ನೆಲ, ಕಾಲ, ಅವು ಕೆಟ್ಟಾಗ ಹೀಗಾಗುತ್ತೆ ಅಂತ. ನಿನ್ನ ಬೆಂಚಿನ ಏಳು ಜನರನ್ನು ನೋಡಿ ನೀನು ಕೇಳಿದ್ದೂ ಅದೇ ಅಲ್ವಾ? ಸಕ್ಕರೆ ಕಾಯಿಲೆ ಅಂಟುರೋಗ ಅಲ್ಲ, ಆದರೆ ಪ್ರಶ್ನೆಯ ದಾರಿ ಒಂದೇ. ಎಸ್‌ಒಪಿಯನ್ನು ಅಲ್ಲಿಂದ ಶುರು ಮಾಡು. ಚರಕದಲ್ಲಿ ಎಲ್ಲಾ ಇದೆ ಅಂತ ಜಂಬ ಬೇಡ. ಅವರು ಕೇಳಿದ ಪ್ರಶ್ನೆಗೆ ಉತ್ತರ ಹುಡುಕುವ ಇವತ್ತಿನ ಸಾಧನ ಕಲಿಯೋಕೆ ಬರ್ತಿದ್ದೇನೆ ಅಂತ ಬರಿ.

ನಮ್ಮ ಸೀಮೆಯದ್ದನ್ನೂ ಬರಿ. ಪ್ಲೇಗು ಬಂದು ಹೋದ ಮೇಲೆ 1903ರಲ್ಲೇ ಮೈಸೂರಿನಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಮಾಡಿ ಗಾಳಿ ಬೆಳಕಿನ ಬಡಾವಣೆ ಕಟ್ಟಿದರು. ನಾಲೆ ನೀರು ಬಂದಾಗ ಮಂಡ್ಯಕ್ಕೆ ಕಬ್ಬೂ ಬಂತು, ಮಲೇರಿಯಾನೂ ಬಂತು. ಈಗ ಅದೇ ನಾಲೆ ಬಯಲಿನ ಒಂದು ಬೀದಿಯಲ್ಲಿ ಏಳು ಜನಕ್ಕೆ ಶುಗರ್. ಇದನ್ನು ನಿನ್ನಷ್ಟು ಹತ್ತಿರದಿಂದ ಬರೆಯುವವರು ಬೇರೆ ಯಾರಿದ್ದಾರೆ?

ಹೊರಡುವ ಮುಂಚೆ ಬೆಂಗಳೂರಿನ ಆಯುರ್ವೇದ ಯುನಾನಿ ವೈದ್ಯ ಮಂಡಳಿಯಲ್ಲಿ ರಿಜಿಸ್ಟ್ರೇಷನ್ ಮಾಡಿಸಿಕೋ. ಎಲ್ಲೇ ಹೋದರೂ ವಾಪಸ್ ಬಂದಾಗ ಬೇಕು.


ಪಹಣಿ ಪತ್ರ

ಅಪ್ಪ ಗದ್ದೆ ಮೇಲೆ ಸಾಲ ಅಂದಿದ್ದಾರಲ್ಲ, ಅದರ ಬಗ್ಗೆ. ನನ್ನ ತಮ್ಮನಿಗಾಗಿ ನಾನು ಐದು ಬ್ಯಾಂಕ್ ಅಲೆದಿದ್ದೇನೆ. ಎಜುಕೇಶನ್ ಲೋನ್‌ಗೆ ವ್ಯವಸಾಯದ ಜಮೀನನ್ನು ಬ್ಯಾಂಕುಗಳು ಸಾಮಾನ್ಯವಾಗಿ ಆಧಾರ ಅಂತ ತಗೊಳ್ಳಲ್ಲ. 2002ರ ಸರ್ಫೇಸಿ ಕಾನೂನಿನಲ್ಲಿ ಕೃಷಿ ಭೂಮಿಯನ್ನು ಹೊರಗಿಟ್ಟಿದ್ದಾರೆ, ಸಾಲ ತೀರಿಸದಿದ್ದರೆ ಆ ಕಾನೂನಿನಲ್ಲಿ ಗದ್ದೆ ಹರಾಜು ಹಾಕೋಕೆ ಬರಲ್ಲ, ಅದಕ್ಕೇ ಅವರಿಗೆ ಬೇಡ. ಪಹಣಿ ಹಿಡಿದುಕೊಂಡು ಹೋದರೆ ಸುಮ್ನೆ ವಾಪಸ್ ಕಳಿಸ್ತಾರೆ. ಅಲಿನೇಷನ್ ಆದ ಸೈಟು, ಇ-ಸ್ವತ್ತು ಇರುವ ಮನೆ, ಎಫ್‌ಡಿ ಇಂಥದ್ದು ಕೇಳ್ತಾರೆ. ಊರ ಮನೆಗೆ ಫಾರಂ 9, 11 ಆಗಿದೆಯಾ ಅಂತ ಪಂಚಾಯ್ತಿಯಲ್ಲಿ ಮೊದಲು ವಿಚಾರಿಸಿ. ಆಧಾರ ಇಲ್ಲದೆ ಕೊಡುವ ಕಂಪನಿಗಳಿವೆ, ಬಡ್ಡಿ ಜಾಸ್ತಿ. ಜೊತೆಗೆ ಸಹಿ ಹಾಕುವವರ ಸಂಬಳದ ಚೀಟಿ, ಐಟಿ ರಿಟರ್ನ್ಸ್ ಕೇಳ್ತಾರೆ, ಕಬ್ಬು ಬೆಳೆಯುವವರ ಹತ್ತಿರ ಅದು ಎಲ್ಲಿಂದ ಬರಬೇಕು?

ಗದ್ದೆ ಮೇಲೆ ಕೈಸಾಲ ಅಂತೂ ಬೇಡ ಕಣಮ್ಮ. ಬಡ್ಡಿ ಲೆಕ್ಕ ಹಾಕಿದರೆ ಕಬ್ಬಿನ ದುಡ್ಡು ಯಾವ ಮೂಲೆಗೂ ಸಾಲಲ್ಲ.

ಬ್ರಿಟನ್ ವೀಸಾ ಆದರೆ ತೋರಿಸುವ ದುಡ್ಡು ಖಾತೆಯಲ್ಲಿ 28 ದಿನ ಅಲುಗದೆ ಇರಬೇಕು. ಫ್ಯಾಕ್ಟರಿಯಿಂದ ಕಬ್ಬಿನ ಬಿಲ್ಲು ಬಂದ ತಕ್ಷಣ ಗೊಬ್ಬರದ ಅಂಗಡಿ, ಸೊಸೈಟಿ ಅಂತ ಖಾಲಿಯಾಗುತ್ತಲ್ಲ, ಅದನ್ನು ಮೊದಲೇ ಯೋಚಿಸಿ.

ಈ ಪ್ರಶ್ನೆ ಓದುವ ಎಸ್‌ಸಿ ಸಮುದಾಯದ ಮಕ್ಕಳಿಗೆ ಒಂದು ಮಾತು, ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ, ಮನೆ ಆದಾಯ ವರ್ಷಕ್ಕೆ 8 ಲಕ್ಷದ ಒಳಗಿರಬೇಕು. ನಮ್ಮ ರಾಜ್ಯದ್ದೇ ಪ್ರಬುದ್ಧ ಯೋಜನೆಯೂ ಇದೆ, ಎಸ್‌ಟಿಯವರಿಗೂ ಸೇರಿ. ಸಮಾಜ ಕಲ್ಯಾಣ ಇಲಾಖೆಯಲ್ಲಿ ಕೇಳಿ. ಎಷ್ಟೋ ಮಕ್ಕಳಿಗೆ ಗೊತ್ತೇ ಇರಲ್ಲ.


ಪಂಚಕರ್ಮ ಕೋಣೆ

ನಾನು ಬೇರೆ ಮಾತು ಹೇಳ್ತೀನಿ, ಬೇಜಾರಾಗಬೇಡಿ. ನನಗೂ ಹೊರಗೆ ಹೋಗುವ ಆಸೆ ಇತ್ತು. ಆದರೆ ಎಣ್ಣೆ ಬಿಸಿ ಮಾಡಿ ಮೊಣಕಾಲಿಗೆ ಜಾನುಬಸ್ತಿ ಹಾಕಿ, ಹಿಟ್ಟಿನ ಕಟ್ಟೆಯಿಂದ ಎಣ್ಣೆ ಸೋರದ ಹಾಗೆ ಬೆರಳಲ್ಲಿ ಒತ್ತಿ ಕೂರುವ ಅರ್ಧ ಗಂಟೆಯನ್ನು ಬಿಟ್ಟುಕೊಡೋಕೆ ನನಗೆ ಆಗಲಿಲ್ಲ. ಆಯುಷ್ ಪಿಜಿ ಪ್ರವೇಶ ಪರೀಕ್ಷೆ ಎಐಎಪಿಜಿಇಟಿ ಬರೆದೆ, ಎಂಡಿ ಮೂರು ವರ್ಷ ಮಾಡಿದೆ, ಸರ್ಕಾರಿ ಸೀಟು. ಈಗ ನೆಮ್ಮದಿಯಾಗಿದ್ದೇನೆ. ಎಲ್ಬೆ ದಂಡೆ ಅಕ್ಕ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಬೇರೆ ಇತ್ತು, ಅಷ್ಟೇ. ಮತ್ತೆ ಪಬ್ಲಿಕ್ ಹೆಲ್ತ್ ಆದರೂ ಮೈಸೂರಿನಲ್ಲೇ ಜೆಎಸ್‌ಎಸ್‌ನಲ್ಲಿ ಎಂಪಿಎಚ್ ಇದೆ, ಅದನ್ನೂ ಒಂದು ಸಲ ಹೋಗಿ ನೋಡಿ ಬನ್ನಿ.


ಕಬ್ಬಿನಗದ್ದೆ

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗ್ತಿಲ್ಲ. ನಿನ್ನೆ ರಾತ್ರಿ ಊಟ ಆದ ಮೇಲೆ ಜಗಲಿ ಮೇಲೆ ಕೂತು ಎಲ್ಲಾ ಉತ್ತರಗಳನ್ನೂ ಅಪ್ಪನಿಗೆ ಓದಿ ಹೇಳಿದೆ. ಗದ್ದೆ ಬ್ಯಾಂಕಿಗೆ ಬೇಡ ಅನ್ನೋದು ಕೇಳಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಆ ಅಂಗನವಾಡಿ ಮಗುವಿನ ಕಥೆಯನ್ನು ಇನ್ನೊಂದು ಸಲ ಓದು ಅಂದರು. ಅವ್ವ "ಆ ಮಗೀಗೆ ಈಗ ಕಿವಿ ಕೇಳ್ತದಾ ಕೇಳು" ಅಂದರು. ಅಕ್ಕ, ಕೇಳುತ್ತಾ?

ಕನ್ಸಲ್ಟೆನ್ಸಿಗೆ ಬರಲ್ಲ ಅಂತ ಇವತ್ತೇ ಫೋನ್ ಮಾಡಿ ಹೇಳಿಬಿಟ್ಟೆ. ಇಂಟರ್ನ್‌ಶಿಪ್ ಮುಗಿದ ಮೇಲೆ ಆರ್‌ಬಿಎಸ್‌ಕೆಗೆ ಆಯುಷ್ ಡಾಕ್ಟರ್ ಹುದ್ದೆ ಕರೆದರೆ ಅರ್ಜಿ ಹಾಕ್ತೀನಿ. ಮನೆಯಲ್ಲೂ ಎರಡು ವರ್ಷ ಮದುವೆ ಮಾತು ಬೇಡ ಅಂತ ಒಪ್ಪಿಸಿದ್ದೇನೆ, ಅವ್ವ ಪೂರ್ತಿ ಒಪ್ಪಿಲ್ಲ, ನೋಡೋಣ. ಮೇಷ್ಟ್ರೇ, ನೀವು ಹೇಳಿದ ಮೂರು ಪುಟ ಶುರು ಮಾಡಿದ್ದೇನೆ. ಅಷ್ಟರಲ್ಲಿ ಆ ಬೀದಿಯಲ್ಲಿ ಯಾವ ಮನೆಯಲ್ಲಿ ಯಾರಿಗೆ ಯಾವಾಗಿಂದ ಶುಗರ್, ಏನು ಊಟ, ಏನು ಕೆಲಸ ಅಂತ ಕೇಳಿ ಬರೆದಿಟ್ಟುಕೊಳ್ಳಬಹುದಾ? ಇಲ್ಲ ಅದಕ್ಕೂ ಯಾರದಾದರೂ ಪರ್ಮಿಷನ್ ಬೇಕಾ?


ಸ್ವಸ್ಥವೃತ್ತ ಮೇಷ್ಟ್ರು

ಬೇಕು ಮಗಳೇ. ಸಂಶೋಧನೆ ಅಂತ ಮಾಡುವುದಾದರೆ ಕಾಲೇಜಿನ ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕು, ಆ ಮನೆಯವರ ಸಹಿಯೂ ಬೇಕು. ಇಂಟರ್ನ್‌ಶಿಪ್ ಮುಗಿಯುವ ಮುಂಚೆಯೇ ನಿಮ್ಮ ಸ್ವಸ್ಥವೃತ್ತ ವಿಭಾಗದವರನ್ನು ಗೈಡ್ ಆಗಿ ಎಂದು ಕೇಳಿ ಅರ್ಜಿ ಕೊಡು. ಕಾಲೇಜು ಬಿಟ್ಟ ಮೇಲೆ ಕಷ್ಟ.


ಎಲ್ಬೆ ದಂಡೆ

ಕೇಳುತ್ತೆ ಅಂತ ಹೇಳು ಅವ್ವಂಗೆ. ಹಿಯರಿಂಗ್ ಏಡ್ ಹಾಕಿದ್ದಾರೆ, ಈಗ ಒಂದನೇ ಕ್ಲಾಸು. ಮಾತು ಇನ್ನೂ ಪೂರ್ತಿ ಬಿಡಿಸಿಲ್ಲ, ಆದರೆ ಅಜ್ಜಿ ಕರೆದರೆ ತಿರುಗಿ ನೋಡ್ತಾನಂತೆ.

ಟ್ರಾನ್ಸ್‌ಕ್ರಿಪ್ಟ್‌ಗೆ (ಯೂನಿವರ್ಸಿಟಿ ಕೊಡುವ ಎಲ್ಲಾ ವರ್ಷದ ಅಂಕಪಟ್ಟಿ) ಜಯನಗರದ ರಾಜೀವ್ ಗಾಂಧಿ ಯೂನಿವರ್ಸಿಟಿಗೆ ಹೋಗುವಾಗ ಕೆಂಗೇರಿಯಲ್ಲಿ ಇಳಿದು ಮೆಟ್ರೋ ಹತ್ತು, ಮೆಜೆಸ್ಟಿಕ್‌ನಲ್ಲಿ ಗ್ರೀನ್ ಲೈನ್‌ಗೆ ಬದಲಿಸಿದರೆ ಜಯನಗರ. ಒಂದೇ ಪ್ರತಿ ತಗೋಬೇಡ, ನಾಲ್ಕೈದು ಸೆಟ್ ಸೀಲ್ ಹಾಕಿದ ಕವರಿನಲ್ಲಿ ಕೇಳು. ನಾನು ಎರಡೇ ತಗೊಂಡು ಮತ್ತೆ ಅಣ್ಣನನ್ನು ರಜಾ ಹಾಕಿಸಿ ಕಳಿಸಬೇಕಾಯ್ತು.